ಮಗನಿಗಾಗಿ ಮಕ್ಕಳ ಕಲ್ಯಾಣ ಸಮಿತಿ ಮುಂದೆ ನಿಂತಾಗ

ನನ್ನ ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಮನೆ ಬಿಟ್ಟು ಹೋದ. ಅದಕ್ಕೆ ಕಾರಣ ನಾನೇ. ಮೊಬೈಲ್ ಕೆಳಗಿಡಲ್ಲ ಅಂತ ಬೆಲ್ಟ್ ತೆಗೆದು ಹೊಡೆದಿದ್ದೆ. ನಮ್ಮೂರು ಜಾವಗಲ್ ಹತ್ತಿರ. ಅಲ್ಲಿಂದ ಬಸ್ ಹತ್ತಿ ಅರಸೀಕೆರೆಗೆ ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬನೇ ಕೂತಿದ್ದನಂತೆ. ಅದು ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಯಾವ ಕಡೆಗಾದರೂ ರೈಲು ಹತ್ತಬಹುದಿತ್ತು. ಈಗ ನೆನೆಸಿಕೊಂಡರೂ ಎದೆ ಝಲ್ ಅನ್ನುತ್ತದೆ. ರೈಲ್ವೆ ಪೊಲೀಸರು ನೋಡಿ ಮಾತಾಡಿಸಿದ್ದಾರೆ. 1098ಕ್ಕೆ ಫೋನ್ ಮಾಡಿ ಮಕ್ಕಳ ಸಹಾಯವಾಣಿಯವರ ಕೈಗೆ ಒಪ್ಪಿಸಿದ್ದಾರೆ.

ರಾತ್ರಿ ನನಗೆ ಫೋನ್ ಬಂತು. "ಹುಡುಗ ಹಾಸನದ ಬಾಲಮಂದಿರದಲ್ಲಿ ಚೆನ್ನಾಗಿದ್ದಾನೆ. ನಾಳೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬನ್ನಿ" ಅಂದರು.

ನಾನು ಮೊದಲು ತಪ್ಪಿದ್ದು ಇಲ್ಲಿ. ಸಮಿತಿ ಅಂದರೆ ಏನು ಅಂತ ಯಾರನ್ನೂ ಕೇಳಲಿಲ್ಲ. ಊರಿನ ಲೀಡರ್ ಒಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅವರು ಒಳಗೆ ಹೋಗಿ "ಇದು ಮನೆ ವಿಷಯ, ನಾವೇ ಸರಿ ಮಾಡ್ಕೋತೀವಿ" ಅಂತ ಶುರು ಮಾಡಿದರು. ಕೇಸಿಗೆ ಸಂಬಂಧ ಇಲ್ಲದವರು ಇಲ್ಲಿ ಇರುವ ಹಾಗಿಲ್ಲ ಅಂತ ಅವರನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಿದರು. ನನಗೆ ಅವಮಾನ ಆದ ಹಾಗಾಯಿತು. "ನನ್ನ ಮಗ ಅವನು, ಕಳಿಸಿಕೊಡೋಕೆ ನಿಮಗೇನು ಕಷ್ಟ?" ಅಂತ ಜೋರಾಗಿ ಕೇಳಿಬಿಟ್ಟೆ.

ಮಗ ಬಾಗಿಲ ಹತ್ತಿರ ನಿಂತಿದ್ದ. ನನ್ನ ದನಿ ಏರಿದ ತಕ್ಷಣ ಅವನ ಭುಜ ಎರಡೂ ಕಿವಿ ತನಕ ಮೇಲೆ ಹೋದವು. ನಾನು ಬೆಲ್ಟ್ ಎತ್ತಿದಾಗಲೂ ಅವನು ಹಾಗೇ ಮುದುಡಿಕೊಳ್ಳುತ್ತಿದ್ದ. ಅದನ್ನು ನಾನೂ ನೋಡಿದೆ, ಟೇಬಲ್ ಹಿಂದೆ ಕೂತವರೂ ನೋಡಿದರು. ಅಧ್ಯಕ್ಷರು ಮೆಲ್ಲಗೆ ಹೇಳಿದರು, "ನಿಮ್ಮ ಮಗನನ್ನ ಕೇಳಿದ್ವಿ. ಸದ್ಯಕ್ಕೆ ಮನೆಗೆ ಬರಲ್ಲ ಅಂದ."

ಹೊರಗೆ ಬಂದ ಮೇಲೆ ನನ್ನ ಹೆಂಡತಿ ಒಂದೇ ಮಾತು ಕೇಳಿದಳು. "ರಾತ್ರಿಯೆಲ್ಲ ಅವನಿಗೆ ಊಟ ಹಾಕಿ, ಮಲಗಿಸಿ ನೋಡ್ಕೊಂಡಿದ್ದಾರೆ. ಅದಕ್ಕೊಂದು ಥ್ಯಾಂಕ್ಸ್ ಹೇಳಿದ್ರಾ ನೀವು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರಿಗೆ ಬಂದು ಗೊತ್ತಿರುವ ಲಾಯರ್ ಒಬ್ಬರನ್ನು ಕೇಳಿದೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, 4 ಜನ ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಹೀಗೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಅವರ ಮುಂದೆ ಕರೆದುಕೊಂಡು ಹೋಗಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್‌ಗೆ ಇರುವ ಅಧಿಕಾರ ಆ ಸಮಿತಿಗಿದೆ. ನಾನು ಲೀಡರ್ ಕಟ್ಟಿಕೊಂಡು ಹೋಗಿ ಕೂಗಾಡಿದ್ದು ಒಂದು ಥರ ಕೋರ್ಟಿನಲ್ಲೇ ಅಂತ ಆಗ ಗೊತ್ತಾಯಿತು.

ಮುಂದಿನ ಸಲ ನಾವಿಬ್ಬರೇ ಹೋದೆವು. ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ, ಶಾಲೆಯಿಂದ ಸ್ಟಡಿ ಸರ್ಟಿಫಿಕೇಟ್ ಎಲ್ಲ ಒಂದು ಫೈಲಿನಲ್ಲಿ ಜೋಡಿಸಿಕೊಂಡಿದ್ದೆ. ಹೊರಡುವಾಗ ನನ್ನ ಭಾವ "ಜಾರಿ ಬಿದ್ದು ಗಾಯ ಆಯ್ತು ಅಂತ ಹೇಳಿಬಿಡು" ಅಂದಿದ್ದರು. ಹುಡುಗನ ಬೆನ್ನ ಮೇಲಿನ ಬಾಸುಂಡೆ ನೋಡಿದವರ ಮುಂದೆ ಹಾಗೆ ಹೇಳೋದು ಅವರನ್ನು ದಡ್ಡರು ಅಂದ ಹಾಗಲ್ವಾ?

ಮೊದಲು ಥ್ಯಾಂಕ್ಸ್ ಹೇಳಿದೆ. ಹಿಂದಿನ ಸಲ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. "ಹೊಡೆದಿದ್ರಾ?" ಅಂತ ಸಮಿತಿಯ ಮೇಡಂ ಒಬ್ಬರು ಕೇಳಿದರು. "ಹೌದು ಮೇಡಂ. ಬೆಲ್ಟಲ್ಲಿ. ಅದೇ ಮೊದಲ ಸಲ ಏನಲ್ಲ" ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳೇ ಬೇರೆ. ನನ್ನ ಕೋಪ ಯಾವಾಗ ಜಾಸ್ತಿ ಆಗುತ್ತದೆ, ಕುಡಿಯುತ್ತೀನಾ, ಸಾಲ ಇದೆಯಾ ಅಂತ. ಎಲ್ಲದಕ್ಕೂ ಇದ್ದದ್ದು ಇದ್ದ ಹಾಗೇ ಹೇಳಿದೆ.

ಸಾಮಾಜಿಕ ತನಿಖಾ ವರದಿಗಾಗಿ ಒಬ್ಬ ಮೇಡಂ ಮನೆಗೂ ಬಂದರು. ಮಗ ಮಲಗುವ ಜಾಗ, ಪುಸ್ತಕ ಇಡುವ ಜಾಗ, ಎಲ್ಲ ನೋಡಿದರು. ಪಕ್ಕದ ಮನೆಯವರನ್ನೂ ಮಾತಾಡಿಸಿದರು. ಹೊರಡುವಾಗ ನಾನು ಅಭ್ಯಾಸದಂತೆ ಒಂದು ಚೀಲ ತೆಂಗಿನಕಾಯಿ ತಂದು ಗಾಡಿ ಹತ್ತಿರ ಇಟ್ಟೆ. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅಂತ ಬೆಳೆದವರು ನಾವು. ಅವರು ಚೀಲ ಮುಟ್ಟಲೇ ಇಲ್ಲ. "ಇದು ತಗೊಂಡ್ರೆ ನಾನು ಬರೆಯೋ ವರದಿಗೆ ಬೆಲೆ ಇರಲ್ಲ ಅಣ್ಣ. ಅದರಿಂದ ನಿಮಗೇ ತೊಂದರೆ" ಅಂದರು. ಅವರ ಕೆಲಸಕ್ಕೆ ಮರ್ಯಾದೆ ಕೊಡಬೇಕು ಅಂದರೆ ಆ ಚೀಲವನ್ನು ನಾನು ಹೊರಗೆ ತರಲೇಬಾರದಿತ್ತು.

ಹಾಗಂತ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕು ಅಂತಲ್ಲ. ನಾವು ಹುಡುಗನನ್ನು ಸ್ಕೂಲ್ ಬಿಡಿಸಿ ತೋಟದ ಕೆಲಸಕ್ಕೆ ಹಾಕಿದ್ದೇವೆ ಅಂತ ನೆರೆಯವರು ಯಾರೋ ಅಂದಿದ್ದರಂತೆ. ಸಮಿತಿ ಮುಂದೆ ಆ ಮಾತು ಬಂತು. ರಕ್ತ ಕುದಿಯಿತು. ಆದರೂ ಅವರು ಪೂರ್ತಿ ಹೇಳುವ ತನಕ ಸುಮ್ನೆ ಕೂತೆ. "ಮೇಡಂ, ಇದೊಂದು ಸರಿಯಿಲ್ಲ. ಹಾಜರಾತಿ ತೋರಿಸಲಾ?" ಅಂದೆ. ಹೆಡ್ ಮಾಸ್ಟರ್ ಸಹಿ ಇದ್ದ ಪತ್ರ ಕೊಟ್ಟೆ. ಓದಿ ನೋಡಿ, ಅದನ್ನೂ ದಾಖಲು ಮಾಡಿಕೊಂಡರು.

ಮಗ ಕಾಣೆ ಅಂತ ಆ ರಾತ್ರಿ ಅವನ ಫೋಟೋನ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದ್ದೆ. ಇಂಥ ಮಕ್ಕಳ ಗುರುತು ಹೊರಗೆ ಹೋಗಬಾರದು ಅಂತ ಕಾನೂನೇ ಇದೆ ಅಂತ ಸಮಿತಿಯವರೇ ತಿಳಿಸಿದರು. ಒಬ್ಬೊಬ್ಬರಿಗೂ ಫೋನ್ ಮಾಡಿ ಅಳಿಸಿ ಅಂತ ಕೇಳಿಕೊಂಡೆ.

ಕೊನೆಗೆ ಒಂದು ದಿನ ನಮ್ಮಿಬ್ಬರನ್ನೂ ಹೊರಗೆ ಕೂರಿಸಿ ಮಗನನ್ನು ಒಬ್ಬನೇ ಮಾತಾಡಿಸಿದರು. ಬರ್ತೀನಿ ಅಂದನಂತೆ. ಇನ್ನು ಕೈ ಎತ್ತುವುದಿಲ್ಲ, ಕೌನ್ಸೆಲಿಂಗ್‌ಗೆ ಬರುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟು ಅವನನ್ನು ಕರೆದುಕೊಂಡು ಬಂದೆವು.

ಈಗಲೂ ಮನೆಗೆ ಬಂದಿದ್ದ ಆ ಮೇಡಂ ಆಗಾಗ ಫೋನ್ ಮಾಡುತ್ತಾರೆ. "ಹೇಗಿದ್ದಾನೆ?" ಅಂತ ನನ್ನನ್ನು ಕೇಳಿ, "ಅವನಿಗೆ ಕೊಡಿ" ಅನ್ನುತ್ತಾರೆ. ಮೊಬೈಲ್ ಅವನ ಕೈಗೆ ಕೊಟ್ಟು, ಮಾತು ಕಿವಿಗೆ ಬೀಳದಷ್ಟು ದೂರ ತೋಟದ ಕಡೆ ಹೋಗುತ್ತೇನೆ.