ಮಂಗಳವಾರದ ವಾರ್ಫರಿನ್ ಪುಸ್ತಕ

ಹೊರಗೆ ಎಂಬತ್ತು ಜನ ಕಾಯುತ್ತಿರುವಾಗ ಹದಿನೈದು ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿಬಿಡೋಣ ಅನ್ನಿಸುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಈ ಆಸೆ ಹೋಗಿಲ್ಲ. ಆದರೂ ಪೂರ್ತಿ ಒಂದು ನಿಮಿಷ ಕೈ ಹಿಡಿದು ಕೂರುತ್ತೇನೆ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ನಡುಗುವ ಕಾಯಿಲೆ ಇದ್ದವರ ನಾಡಿ ಅರ್ಧಂಬರ್ಧ ಲೆಕ್ಕಕ್ಕೆ ಸಿಗುವುದಿಲ್ಲ. ಎರಡು ಬಡಿತ ಬೇಗ ಬರುತ್ತವೆ, ಮುಂದಿನದು ತಡ, ಅದರಾಚೆಯದು ಬೆರಳಿಗೆ ತಾಗುವುದೇ ಇಲ್ಲ.

ಎಂಟು ವರ್ಷದ ಹಿಂದೆ ಒಬ್ಬ ಅಕ್ಕ ಬಂದರು. ವಯಸ್ಸು ಮೂವತ್ನಾಲ್ಕು, ಕಬ್ಬಿನ ಗದ್ದೆಯಲ್ಲಿ ಕೂಲಿ. "ಕೊಡ ಹೊತ್ತು ಬರೋಷ್ಟರಲ್ಲಿ ಏದುಸಿರು ಬತ್ತದೆ ಮೇಡಂ, ಎದೆ ಡವಡವ ಅಂತದೆ" ಅಂದರು. ಮಣಿಕಟ್ಟಿನಲ್ಲಿ ನಾಡಿ 96. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರೆ 124. ಕೆಲವು ಬಡಿತಗಳಿಗೆ ಮುಂಚೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ, ಹಾಗಾಗಿ ಆ ಬಡಿತ ಕೈವರೆಗೆ ಮುಟ್ಟುವುದಿಲ್ಲ.

ಇಸಿಜಿ ತೆಗೆದೆವು. ಹತ್ತು ಸೆಕೆಂಡಿನ ಪಟ್ಟಿಯಲ್ಲಿ 21 ಚೂಪು ಗೆರೆಗಳು, ಒಂದೊಂದೂ ಒಂದು ಬಡಿತ. ಒಂದು ಬಿಳಿ ಚೀಟಿಯ ಅಂಚನ್ನು ಅದರ ಕೆಳಗಿಟ್ಟು, ಪಕ್ಕಪಕ್ಕದ ಎರಡು ಗೆರೆಗಳಿಗೆ ಪೆನ್ಸಿಲ್ ಗುರುತು ಹಾಕಿ ಮುಂದಕ್ಕೆ ಜರುಗಿಸಿದೆ. ಎಲ್ಲೂ ಕೂಡಲಿಲ್ಲ. ಪ್ರತಿ ಬಡಿತಕ್ಕೆ ಮುಂಚೆ ಮೇಲ್ಕೋಣೆ ಮೂಡಿಸುವ ಸಣ್ಣ ಉಬ್ಬು, ಪಿ ಅಲೆಯೂ ಇಲ್ಲ, ಅದರ ಜಾಗದಲ್ಲಿ ಸಣ್ಣ ನಡುಕ. ಯಂತ್ರ ಮೇಲೆ ಏನೇ ಅಚ್ಚು ಹಾಕಿರಲಿ, ಈ ಚೀಟಿ ಇಟ್ಟು ನೋಡುವುದನ್ನು ನಾನು ಬಿಡುವುದಿಲ್ಲ. ಆಮೇಲೆ ಎಡಮಗ್ಗುಲಿಗೆ ಮಲಗಿಸಿ ಕೇಳಿದಾಗ ದೂರದ ಗುಡುಗಿನಂಥ ಸದ್ದು. ಚಿಕ್ಕವರಿದ್ದಾಗ ಜ್ವರ, ಕೀಲುನೋವು ಅಂತ ತಿಂಗಳುಗಟ್ಟಲೆ ಮಲಗಿದ್ದರಂತೆ. ಆ ರುಮ್ಯಾಟಿಕ್ ಜ್ವರವೇ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಬಿಗಿಮಾಡಿತ್ತು. ಬೆಂಗಳೂರಿನ ಜಯದೇವದಲ್ಲಿ ಬಲೂನ್ ಹಾಕಿ ಕವಾಟ ಹಿಗ್ಗಿಸಿದ ಮೇಲೆ ಏದುಸಿರು ಇಳಿಯಿತು. ತಾಳ ಮಾತ್ರ ಸರಿಹೋಗಲಿಲ್ಲ. ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ಅದನ್ನು ತಡೆಯಲು ರಕ್ತ ತೆಳುಮಾಡುವ ಗುಳಿಗೆ ವಾರ್ಫರಿನ್ ಶುರುಮಾಡಿದೆ.

ಆಮೇಲಿನ ತಪ್ಪು ನನ್ನದೇ. ಆರು ತಿಂಗಳ ನಂತರ ಹೊಟ್ಟೆ ಕೆಟ್ಟಿದೆ ಅಂತ ಬಂದಾಗ, ಬೇರೆ ಏನು ಗುಳಿಗೆ ನಡೆಯುತ್ತಿದೆ ಅಂತ ಕೇಳದೆ ಮೆಟ್ರೊನಿಡಝೋಲ್ ಬರೆದುಕೊಟ್ಟೆ. ದೇಹ ವಾರ್ಫರಿನ್ ಅನ್ನು ಒಡೆದು ಹೊರಹಾಕುವುದನ್ನು ಅದು ತಡೆಯುತ್ತದೆ, ರಕ್ತ ಅತಿಯಾಗಿ ತೆಳುವಾಗುತ್ತದೆ. ವಾರದಲ್ಲಿ ಒಸಡಿನಿಂದ ರಕ್ತ ಸುರಿಸಿಕೊಂಡು ಬಂದರು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಐಎನ್‌ಆರ್ ಪರೀಕ್ಷೆಯ ಅಂಕಿ 2ರಿಂದ 3ರ ಒಳಗಿರಬೇಕು, ಅವತ್ತು 7 ದಾಟಿತ್ತು. ವಿಟಮಿನ್ ಕೆ ಕೊಟ್ಟು ಉಳಿಸಿಕೊಂಡೆವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುವಾರ ವಾರ್ಫರಿನ್ ತೆಗೆದುಕೊಳ್ಳುವವರ ಲೆಕ್ಕ ಇಡಲು ಒಂದು ಉದ್ದ ರೂಲ್ಡ್ ಪುಸ್ತಕ ತಂದೆ. ಒಬ್ಬೊಬ್ಬರಿಗೆ ಒಂದೊಂದು ಪುಟ, ಎಲ್ಲರೂ ಪರೀಕ್ಷೆಗೆ ಬರಬೇಕಾದ್ದು ಮಂಗಳವಾರ. ಅದರ ನಕಲು ರೋಗಿಯ ಕೈಯಲ್ಲೂ ಇರುತ್ತದೆ. ಓದು ಬಾರದವರಿಗೆ ವಾರದ ಏಳು ಚೌಕ ಬರೆದು, ಇಡೀ ಗುಳಿಗೆಗೆ ಪೂರ್ತಿ ದುಂಡು, ಅರ್ಧಕ್ಕೆ ಅರ್ಧ ದುಂಡು ಹಾಕಿಕೊಡುತ್ತೇವೆ. ನೋವಿಗೆ ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ, ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಗುಳಿಗೆ ಕೇಳುವ ಮುಂಚೆ ಈ ಚೀಟಿ ತೋರಿಸಿ ಅಂತ ಪ್ರತಿ ಸಲ ಹೇಳುತ್ತೇನೆ. ಸೊಪ್ಪಿನ ವಿಷಯ ಜಾಸ್ತಿ ಗೊಂದಲ, ಅದರಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಕೆಲಸ ತಗ್ಗಿಸುತ್ತದೆ. "ಸೊಪ್ಪು ಮುಟ್ಟಲೇಬಾರದಂತೆ" ಅಂತ ಯಾರೋ ಹೆದರಿಸಿರುತ್ತಾರೆ. ಹಾಗಲ್ಲ. ಬಸ್ಸಾರು, ಮಸ್ಸೊಪ್ಪು ತಿನ್ನಲಿ, ಆದರೆ ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಅದಕ್ಕೆ ತಕ್ಕ ಡೋಸ್ ನಾನು ಹೊಂದಿಸುತ್ತೇನೆ.

ರಕ್ತ ಪರೀಕ್ಷೆಯೇ ಬೇಡದ ಹೊಸ ಗುಳಿಗೆ ಕೊಡಿ ಅಂತ ತುಂಬಾ ಜನ ಕೇಳುತ್ತಾರೆ. ಬೇರೆ ಥರದ ಏಟ್ರಿಯಲ್ ಫಿಬ್ರಿಲೇಷನ್‌ಗೆ ನಾನೂ ಕೊಡುತ್ತೇನೆ. ರುಮ್ಯಾಟಿಕ್ ಕವಾಟ ಬಿಗಿದವರಿಗೆ ಕೊಡುವುದಿಲ್ಲ. ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಡಾ. ಗಣೇಶನ್ ಕಾರ್ತಿಕೇಯನ್ ಮತ್ತು ಜೊತೆಗಾರರ ಇನ್‌ವಿಕ್ಟಸ್ ಅಧ್ಯಯನ 2022ರಲ್ಲಿ ಬಂತು. 24 ದೇಶಗಳ 4,531 ರೋಗಿಗಳು, ಹೆಚ್ಚಿನವರು ಹೆಂಗಸರು, ಸರಾಸರಿ ವಯಸ್ಸು ಐವತ್ತರ ಆಸುಪಾಸು. ನಮ್ಮ ಮಂಗಳವಾರದ ಸಾಲಿನಲ್ಲಿ ನಿಲ್ಲುವವರಂಥವರೇ ಅಲ್ವಾ! ಹೊಸ ರಿವರಾಕ್ಸಬಾನ್ ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು ಗೊತ್ತಾಗಬಹುದು ಅಂದುಕೊಂಡಿದ್ದರು. ಆದರೆ ವಾರ್ಫರಿನ್ ಜಾತಿಯ ಹಳೆಯ ಔಷಧಿ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಇತ್ತು, ರಕ್ತಸ್ರಾವವೂ ಹೆಚ್ಚಾಗಲಿಲ್ಲ. ಪರೀಕ್ಷೆಗೆಂದು ತಿಂಗಳಿಗೊಮ್ಮೆ ಬಂದು ಹೋಗುವುದೂ ಒಂದು ಕಾರಣವೇ ಎಂಬ ಚರ್ಚೆ ಇದೆ. ನನಗಂತೂ ಹೌದು ಅನ್ನಿಸುತ್ತದೆ. ಐಎನ್‌ಆರ್ ನೋಡುವ ನೆಪದಲ್ಲಿ ಕಾಲಿನ ಊತ ಕಣ್ಣಿಗೆ ಬಿದ್ದು, ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕವರು ಈ ಪುಸ್ತಕದಲ್ಲೇ ಇದ್ದಾರೆ.

ಆ ಅಕ್ಕ ಈಗಲೂ ಬರುತ್ತಾರೆ. ಹೋದ ವಾರ ಅವರ ಐಎನ್‌ಆರ್ 2.4 ಇತ್ತು. ಅವರ ಪಕ್ಕದ ಪುಟ ಹೊಸದು, ಮದುವೆಯಾಗಿ ವರ್ಷವಾದ ಹುಡುಗಿಯದು. ಬಸುರಿನ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಮಗುವಿಗೆ ತೊಂದರೆ ಮಾಡಬಹುದು. ಅವಳ ಚೀಟಿಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೇನೆ: ಮುಟ್ಟು ತಪ್ಪಿದರೆ ಮಂಗಳವಾರದವರೆಗೆ ಕಾಯಬೇಡ, ಅವತ್ತೇ ಬಾ.