ಮುಂಭಾಗ ಎತ್ತರಿಸಿದ ಮೇಲೆ ಬಂದ ಏಟು, ‘ಟಕ್’ ಸದ್ದು: ಸರಿಹೋದದ್ದು ಹೀಗೆ

ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿರುವ ಭಾಗ) ಹಾಕಿ ಗಾಡಿಯ ಮುಂಭಾಗವನ್ನು 50 ಮಿ.ಮೀ. ಎತ್ತರಿಸಿದ ಮೇಲೆ ಸಣ್ಣ ಉಬ್ಬಿನ ಏಟೂ ಸ್ಟೀರಿಂಗ್‌ವರೆಗೆ ಬರುತ್ತಿತ್ತು. ಚಕ್ರ ಗುಂಡಿಗಿಳಿದಾಗ ‘ಟಕ್’ ಸದ್ದು.

ಟೈರ್ ಗಾಳಿ ಇಳಿಸಿದಾಗ ಏಟು ತುಸು ಮೆತ್ತಗಾಯಿತು, ಸದ್ದು ಹೋಗಲಿಲ್ಲ. ಡ್ಯಾಂಪರ್ (ಅಂದರೆ ಶಾಕ್) ಬಿಗುವು ಹೊಂದಿಸುವ ಕ್ಲಿಕ್ ಸಡಿಲಿಸಿದಾಗ ಮುಂಭಾಗ ತೂಗಾಡತೊಡಗಿತು. ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸುವ ಸರಳು) ಲಿಂಕ್ ಬದಲಿಸಿದ್ದು ದಂಡ.

ಎತ್ತರವೆಲ್ಲ ಬಂದದ್ದು ಸ್ಪ್ರಿಂಗ್ ಪ್ರಿಲೋಡ್‌ನಿಂದ, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಇಟ್ಟದ್ದರಿಂದ. ಶಾಕ್ ಬಹುತೇಕ ಪೂರ್ತಿ ಚಾಚಿಕೊಂಡೇ ನಿಂತಿತ್ತು. ಚಕ್ರ ಕೆಳಗಿಳಿಯಲು ಜಾಗವೇ ಇರಲಿಲ್ಲ. ಜೊತೆಗೆ, ಚಕ್ರ ಜೋತಾಡುವಾಗಲೇ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಬೋಲ್ಟ್ ಬಿಗಿದರೆ ಅದರ ಕೀಲಿನಲ್ಲಿರುವ ಬುಷ್‌ನ ರಬ್ಬರ್ ತಿರುಚಿಕೊಂಡು ಇನ್ನೊಂದು ಸ್ಪ್ರಿಂಗ್‌ನಂತೆ ಒತ್ತುತ್ತದೆ, ಬೇಗ ಹರಿಯುತ್ತದೆ ಕೂಡ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕಾಯಿಲೋವರ್‌ನ ಥ್ರೆಡ್‌ಗಳನ್ನು ಬ್ರಷ್‌ನಿಂದ ಉಜ್ಜಿ, ಕಾಲರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಬಳೆ) ಇಳಿಸಿ ಎತ್ತರವನ್ನು 35 ಮಿ.ಮೀ.ಗೆ ತಂದದ್ದು ಮೊದಲ ಕೆಲಸ. ಥ್ರೆಡ್ ಎಣಿಸಬೇಡಿ, ಹಬ್ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ಚಕ್ರದ ಒಟ್ಟು ಮೇಲೆಕೆಳಗಿನ ಚಲನೆಯ ಮೂರನೇ ಒಂದು ಭಾಗವಾದರೂ ಕೆಳಮುಖವಾಗಿ ಉಳಿಯಬೇಕು.

ಲೋವರ್ ಆರ್ಮ್‌ನ ಕ್ಯಾಮ್ ಬೋಲ್ಟ್‌ಗಳ (ತಿರುಗಿಸಿ ಚಕ್ರದ ಕೋನ ಹೊಂದಿಸುವ ಬೋಲ್ಟ್‌ಗಳು) ಜಾಗಕ್ಕೆ ಗುರುತು ಹಾಕಿ ನಟ್ ಸಡಿಲಿಸಿ. ಚಕ್ರ ಹಾಕಿ ಸಮನೆಲಕ್ಕಿಳಿಸಿ, ಕೈಯಿಂದ ಹಿಂದೆಮುಂದೆ ತಳ್ಳಿ, ಮುಂಭಾಗ ಒತ್ತಿ ಕೂರಿಸಿ. ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ ಕೈಪಿಡಿಯ ಟಾರ್ಕ್‌ಗೆ ಬಿಗಿಯಿರಿ. ಸದ್ದು ಹೋದದ್ದು ಕಾಲರ್ ಇಳಿಸಿದಾಗ, ಏಟು ಹೋದದ್ದು ಇಲ್ಲಿ.

ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಕೊನೆಗೆ: ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂದುಮುಂದಿನ ವಾಲು), ಕ್ಯಾಂಬರ್ (ಚಕ್ರದ ಒಳಹೊರಗಿನ ವಾಲು), ಆಮೇಲೆ ಟೋ (ಮೇಲಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವುದು). ಮೊದಲೆರಡು ಬದಲಾದರೆ ಟೋ ಹೇಗೂ ಕೆಡುತ್ತದೆ.