ಇಂಟರ್‌ಕಾಂ ಪೆಟ್ಟಿಗೆಗೆ ಕಂಪ್ಯೂಟರ್ ಜೋಡಿಸುವುದು ಹೇಗೆ?

ಅಡಿಕೆ ಸೀಸನ್ ಶುರುವಾಯಿತೆಂದರೆ ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಫೋನು ಕೆಳಗಿಡಲು ಪುರುಸೊತ್ತಿರುವುದಿಲ್ಲ. ರಾಶಿ ಎಷ್ಟಾಯ್ತು, ಬೆಟ್ಟೆ ಎಷ್ಟು, ಗೊರಬಲು ಕೇಳುವವರಿದ್ದಾರಾ ಅಂತ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಒಂದೇ ಸಮನೆ ಕರೆ. ಸಂಜೆ ಮಂಡಿ ಸಾಹುಕಾರರಿಗೆ ಒಂದು ಪಟ್ಟಿ ಬೇಕು: ಯಾವ ಟೇಬಲ್ಲಿಂದ ಯಾರಿಗೆ ಫೋನ್ ಹೋಯಿತು, ಎಷ್ಟು ಹೊತ್ತು ಮಾತಾಯಿತು. ಗೋಡೆಗೆ ನೇತುಹಾಕಿರುವ ಇಂಟರ್‌ಕಾಂ ಪೆಟ್ಟಿಗೆ, ಅಂದರೆ ಇಪಿಎಬಿಎಕ್ಸ್, ಈ ಲೆಕ್ಕವನ್ನು ಪ್ರತಿ ಕರೆ ಮುಗಿದ ಕೂಡಲೇ ತಾನಾಗಿ ಹೊರಗೆ ಕಳಿಸುತ್ತದೆ. ಹಿಡಿದುಕೊಳ್ಳಲು ಆ ಕಡೆ ಯಾರೂ ಇರುವುದಿಲ್ಲ, ಅಷ್ಟೇ.

ಹಿಡಿದುಕೊಳ್ಳಲು ಹೋಗಿ ಕೆಡಿಸಿದವರನ್ನು ಸಾಕಷ್ಟು ನೋಡಿದ್ದೇನೆ. ಒಂದು ಮಂಡಿಯಲ್ಲಿ ಬೆಂಗಳೂರಿಂದ ಬಂದಿದ್ದ ಅಳಿಯ "ಇದೆಂಥ ದೊಡ್ಡ ಕೆಲಸ ಮಾವ" ಅಂತ ಫೋನಿನ ವೈರನ್ನು ತಂದು ಕಂಪ್ಯೂಟರಿನ ಲ್ಯಾನ್ ಪೋರ್ಟಿಗೆ ಚುಚ್ಚಿದ. ಫೋನಿನ ಪ್ಲಗ್ ಚಿಕ್ಕದು, ಲ್ಯಾನ್ ತೂತು ದೊಡ್ಡದು. ಟಕ್ ಅಂತ ಕೂತುಬಿಡುತ್ತದೆ. ಆದರೆ ಫೋನ್ ಲೈನಿನಲ್ಲಿ ಸುಮ್ಮನಿದ್ದಾಗಲೂ ಸುಮಾರು 48 ವೋಲ್ಟ್ ಇರುತ್ತದೆ. ಗಂಟೆ ಬಾರಿಸುವಾಗ ಅದರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಬೇರೆ. ಮೊದಲ ರಿಂಗಿಗೇ ಲ್ಯಾನ್ ಪೋರ್ಟ್ ಹೋಯಿತು. ಹಾಗಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ: ಫೋನಿನ ವೈರು ಯಾವತ್ತೂ ಕಂಪ್ಯೂಟರಿಗೆ ನೇರವಾಗಿ ಹೋಗಬಾರದು.

ಮೊದಲು ಪೆಟ್ಟಿಗೆ ನೋಡಿ

ಪೆಟ್ಟಿಗೆಯ ತಳದಲ್ಲೋ ಪಕ್ಕದಲ್ಲೋ 9 ಪಿನ್ನಿನ ಸೀರಿಯಲ್ ಪೋರ್ಟ್ ಇದೆಯಾ ನೋಡಿ. ಆರ್‌ಎಸ್-232 ಅಂತ ಬರೆದಿರುತ್ತದೆ. ಇದು 1960ರಲ್ಲಿ ಬಂದ ಪದ್ಧತಿ, ಇನ್ನೂ ಸಾಯದೆ ಉಳಿದಿದೆ. ಕೆಲವು ಮಾಡೆಲ್‌ಗಳಲ್ಲಿ ಇದೇ ಪೋರ್ಟನ್ನು ಫೋನ್ ಪ್ಲಗ್ ಆಕಾರದಲ್ಲಿ ಕೊಟ್ಟಿರುತ್ತಾರೆ. ಅದಕ್ಕೆ ಎಕ್ಸ್‌ಟೆನ್ಷನ್ ವೈರ್ ಹಾಕಿ "ಡಯಲ್ ಟೋನೇ ಇಲ್ಲ" ಅಂತ ತಲೆ ಕೆಡಿಸಿಕೊಂಡವರಿದ್ದಾರೆ. ಎರಡೂ ಇಲ್ಲದ ಹಳೆಯ ಸಣ್ಣ ಪೆಟ್ಟಿಗೆಯಾದರೆ ಆ ಮಾಡೆಲ್ಲಿಗೆ ಇಂಥ ಪೋರ್ಟ್ ಕೊಡುವ ಕಾರ್ಡ್ ಸಿಗುತ್ತದಾ ಕೇಳಿ. ಸಿಗದಿದ್ದರೆ ಬಿಟ್ಟುಬಿಡಿ.

ಪೆಟ್ಟಿಗೆ ಹೊಸದು, ಅದರಲ್ಲಿ ನೆಟ್‌ವರ್ಕ್ ಪೋರ್ಟ್ ಇದೆ ಅಂದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಅಲ್ಲಿಂದ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಲ್ಯಾನ್ ಕೇಬಲ್ ಎಳೆಯಿರಿ, 100 ಮೀಟರ್ ಒಳಗಿರಲಿ. ಪೆಟ್ಟಿಗೆಗೆ ಬದಲಾಗದ ಐಪಿ ನಂಬರ್ ಕೊಡಿ. ಉಳಿದದ್ದು ಮ್ಯಾನುಯಲ್ ನೋಡಿಕೊಂಡು ಮಾಡಬಹುದು. ಒಂದೇ ಎಚ್ಚರಿಕೆ: "ಮನೆಯಿಂದಲೂ ನೋಡಬೇಕು" ಅಂತ ರೂಟರಿನಲ್ಲಿ 5060 ಪೋರ್ಟನ್ನು (ಇಂಟರ್ನೆಟ್ ಮೂಲಕ ಫೋನ್ ಕರೆ ಹೋಗಿಬರುವ ಬಾಗಿಲು) ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಅಂಥ ಬಾಗಿಲು ಹುಡುಕುವುದೇ ಕಸುಬಾದ ಕಳ್ಳರಿದ್ದಾರೆ. ರಾತ್ರಿ ನಿಮ್ಮ ಲೈನಿನಲ್ಲಿ ಐಎಸ್‌ಡಿ ಮಾಡಿ ಹೋಗುತ್ತಾರೆ, ಬಿಲ್ಲು ನಿಮಗೆ.

ಮುಂದಿನದೆಲ್ಲ ಸೀರಿಯಲ್ ಪೋರ್ಟಿನವರಿಗೆ.

ತರಬೇಕಾದ ಸಾಮಾನು

ಈಗಿನ ಕಂಪ್ಯೂಟರುಗಳಲ್ಲಿ ಸೀರಿಯಲ್ ಪೋರ್ಟ್ ಇರುವುದೇ ಅಪರೂಪ. ಯುಎಸ್‌ಬಿಯಿಂದ ಸೀರಿಯಲ್ಲಿಗೆ ಬದಲಿಸುವ ಅಡಾಪ್ಟರ್ ಬೇಕು. ಇಲ್ಲಿ ಮಾತ್ರ ಕಾಸು ಉಳಿಸಬೇಡಿ. ಹೆಸರಿಲ್ಲದ ಅಗ್ಗದ ಕೇಬಲ್ಲುಗಳಲ್ಲಿ ಬಹಳಷ್ಟು ನಕಲಿ ಚಿಪ್ಪಿನವು. ವಿಂಡೋಸ್ ತಾನೇ ಡ್ರೈವರ್ ಅಪ್‌ಡೇಟ್ ಮಾಡಿಕೊಂಡ ದಿನ ಹಳದಿ ಗುರುತು ತೋರಿಸಿ "ಕೋಡ್ 10" ಅಂತ ಕೂರುತ್ತವೆ. ನಾನು ಎಫ್‌ಟಿಡಿಐ ಕಂಪನಿಯ ಚಿಪ್ಪಿನದನ್ನೇ ತರಿಸುತ್ತೇನೆ. ಮಲೆನಾಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಐಸೊಲೇಟರ್ ಇರುವ ಅಡಾಪ್ಟರನ್ನೇ ಕೊಳ್ಳಿ ಅನ್ನುತ್ತೇನೆ. ಕಾರಣ ಸಿಡಿಲಿನ ಮಾತು ಬಂದಾಗ ಹೇಳುತ್ತೇನೆ.

ಒಂದು ಸಾಧಾರಣ ಮಲ್ಟಿಮೀಟರ್, ಶೀಲ್ಡ್ ಇರುವ ಮೂರು ಎಳೆಯ ಕೇಬಲ್, 9 ಪಿನ್ನಿನ ಎರಡು ಕನೆಕ್ಟರ್. ಕೇಬಲ್ 15 ಮೀಟರ್ ಮೀರದಿರಲಿ. ಪೆಟ್ಟಿಗೆ ಗೋದಾಮಿನಲ್ಲಿ, ಕಂಪ್ಯೂಟರ್ ಮುಂದಿನ ಕೋಣೆಯಲ್ಲಿ ಅಂತಾದರೆ ಉದ್ದ ಮಾಡಬೇಕಾದದ್ದು ಸೀರಿಯಲ್ ಕೇಬಲ್ಲನ್ನು; ಯುಎಸ್‌ಬಿ ಕಡೆ 5 ಮೀಟರಿಗಿಂತ ಜಾಸ್ತಿ ಎಳೆಯಬೇಡಿ.

ಎಲ್ಲರೂ ಎಡವುವ ಜಾಗ

ಜನ ಏನು ಮಾಡುತ್ತಾರೆಂದರೆ, ಸಿಕ್ಕಿದ ಕೇಬಲ್ ತಂದು ಎರಡೂ ತುದಿ ಸಿಕ್ಕಿಸಿ ಪ್ರೋಗ್ರಾಂ ತೆರೆದು ಕೂರುತ್ತಾರೆ. ಪರದೆ ಮೇಲೆ ಏನೂ ಬರುವುದಿಲ್ಲ. ಆಮೇಲೆ ಸಾಫ್ಟ್‌ವೇರ್ ಬದಲಿಸುತ್ತಾರೆ, ವಿಂಡೋಸ್ ಮತ್ತೆ ಹಾಕಿಸುತ್ತಾರೆ, ಕೊನೆಗೆ ಪೆಟ್ಟಿಗೆಯೇ ಹಾಳಾಗಿದೆ ಅನ್ನುತ್ತಾರೆ. ತಪ್ಪು ಇರುವುದು ಮೂರು ತಂತಿಯಲ್ಲಿ. ಅದಕ್ಕೇ ಎರಡೂ ಕಡೆಯನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿ, ಎರಡೂ ಸರಿ ಅಂತ ಖಾತ್ರಿಯಾದ ಮೇಲೆ ಮಾತ್ರ ಜೋಡಿಸಿ.

ಮೊದಲು ಕಂಪ್ಯೂಟರ್ ಕಡೆ. ಅಡಾಪ್ಟರ್ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ "ಪೋರ್ಟ್ಸ್" ಬಿಡಿಸಿ ನೋಡಿ. ಕಾಮ್ 3, ಕಾಮ್ 5 ಅಂತ ಒಂದು ನಂಬರ್ ಕಾಣುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅಡಾಪ್ಟರನ್ನು ಬೇರೆ ಯುಎಸ್‌ಬಿ ತೂತಿಗೆ ಬದಲಿಸಿದರೆ ಎಷ್ಟೋ ಸಲ ಈ ನಂಬರೂ ಬದಲಾಗುತ್ತದೆ, ಹಾಗಾಗಿ ತೂತಿನ ಮೇಲೆ ಒಂದು ಚೀಟಿ ಅಂಟಿಸಿ. ಈಗ ಪುಟ್ಟಿ (PuTTY) ಅನ್ನುವ ಉಚಿತ ಪ್ರೋಗ್ರಾಂ ತೆರೆಯಿರಿ. (ಸರಿಯಾದ ಉಚ್ಚಾರ "ಪಟಿ". ನಮ್ಮ ಹುಡುಗರು ಮನೆಮಗಳನ್ನು ಕರೆದ ಹಾಗೆ ಪುಟ್ಟಿ ಅನ್ನುತ್ತಾರೆ, ನನಗೂ ಅದೇ ರೂಢಿ.) ಸೀರಿಯಲ್ ಆರಿಸಿ, ಕಾಮ್ ನಂಬರ್ ಕೊಡಿ, ವೇಗ 9600 ಇರಲಿ, ಫ್ಲೋ ಕಂಟ್ರೋಲ್ "ನನ್" ಮಾಡಿ.

ಈಗ ಅಡಾಪ್ಟರಿನ 2 ಮತ್ತು 3ನೇ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ಕೀಬೋರ್ಡಿನಲ್ಲಿ ಏನಾದರೂ ಒತ್ತಿ. ಒತ್ತಿದ ಅಕ್ಷರ ಪರದೆಯ ಮೇಲೆ ಬಂದರೆ, ತಂತಿ ತೆಗೆದ ಕೂಡಲೇ ನಿಂತರೆ, ನಿಮ್ಮ ಕಂಪ್ಯೂಟರ್, ಡ್ರೈವರ್, ಅಡಾಪ್ಟರ್ ಮೂರೂ ಸರಿ. ಬರದಿದ್ದರೆ ಮುಂದೆ ಹೋಗಬೇಡಿ, ಅಡಾಪ್ಟರನ್ನು ಅಂಗಡಿಗೆ ವಾಪಸ್ ಕೊಡಿ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಎರಡು ದಿನ ಕಳೆದವರು ನನಗೆ ಗೊತ್ತು. ಅದರಲ್ಲಿ ಒಬ್ಬ ನಾನೇ.

ಈಗ ಪೆಟ್ಟಿಗೆ ಕಡೆ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿ 5ನೇ ಪಿನ್ನಿಗೆ, ಅದು ಗ್ರೌಂಡ್. ಕೆಂಪು ಕಡ್ಡಿಯನ್ನು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಎರಡರಲ್ಲಿ ಒಂದು ಪಿನ್ನು ಮೈನಸ್ 5ರಿಂದ ಮೈನಸ್ 12 ವೋಲ್ಟ್ ವರೆಗೆ ಏನಾದರೂ ತೋರಿಸುತ್ತದೆ. ಇನ್ನೊಂದು ಹೆಚ್ಚುಕಡಿಮೆ ಸೊನ್ನೆ. ಮೈನಸ್ ತೋರಿಸುವುದೇ ಪೆಟ್ಟಿಗೆ ಮಾತಾಡುವ ಬಾಯಿ. ಕಂಪ್ಯೂಟರಿನ ಕಿವಿ ಯಾವಾಗಲೂ 2ನೇ ಪಿನ್ನು, ಬಾಯಿ 3ನೇ ಪಿನ್ನು. ಬಾಯಿಗೆ ಕಿವಿ ಸೇರಿಸಬೇಕು, ಅಷ್ಟೇ ಲೆಕ್ಕ. ಪೆಟ್ಟಿಗೆಯ ಬಾಯಿ 2ರಲ್ಲಿದ್ದರೆ ನೇರ ಕೇಬಲ್: 2ಕ್ಕೆ 2, 3ಕ್ಕೆ 3, 5ಕ್ಕೆ 5. ಬಾಯಿ 3ರಲ್ಲಿದ್ದರೆ ಅಡ್ಡ ಕೇಬಲ್: 2ಕ್ಕೆ 3, 3ಕ್ಕೆ 2, ಗ್ರೌಂಡ್ ಮಾತ್ರ ನೇರ. ಅಂಗಡಿಯವರು "ಎಲ್ಲಾ ಒಂದೇ ಸಾರ್" ಅನ್ನುತ್ತಾರೆ. ಒಂದೇ ಅಲ್ಲ.

ಎರಡೂ ಪಿನ್ನಿನಲ್ಲಿ ಸೊನ್ನೆ ಬಂದರೆ ಪೋರ್ಟು ಸತ್ತಿದೆ ಅಂತ ತಕ್ಷಣ ತೀರ್ಮಾನಿಸಬೇಡಿ. ಕನೆಕ್ಟರಿನ ಒಳಗೆ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಪೆಟ್ಟಿಗೆಯೊಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ ಎಲ್ಲ ನೋಡಿದ್ದೇನೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಮತ್ತೆ ಅಳೆಯಿರಿ. ತೆಂಗಿನೆಣ್ಣೆ, ಡಬ್ಲ್ಯುಡಿ-40 ಇವೆಲ್ಲ ಬೇಡ ಮಾರಾಯ್ರೇ, ಜಿಡ್ಡು ಕೂತು ಇನ್ನಷ್ಟು ಧೂಳು ಹಿಡಿಯುತ್ತದೆ.

ಇನ್ನೊಂದು ತರಲೆ ಇದೆ. ಕೆಲವು ಪೆಟ್ಟಿಗೆಗಳು ಆ ಕಡೆ ಪ್ರಿಂಟರ್ ತಯಾರಾಗಿದೆ ಅನ್ನುವ ಸನ್ನೆ ಸಿಗದೆ ಬಾಯಿ ಬಿಡುವುದಿಲ್ಲ. ಈ ಪೋರ್ಟ್ ಮೂಲದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಇಟ್ಟದ್ದು ನೋಡಿ. ಅಂಥ ಪೆಟ್ಟಿಗೆ ಕಡೆಯ ಕನೆಕ್ಟರಿನಲ್ಲಿ 7 ಮತ್ತು 8ನ್ನು ಒಟ್ಟಿಗೆ, 1, 4, 6ನ್ನು ಒಟ್ಟಿಗೆ ಬೆಸುಗೆ ಹಾಕಿ. ಪೆಟ್ಟಿಗೆ ತನ್ನ ಸನ್ನೆಯನ್ನೇ ತಾನು ನೋಡಿ ನಂಬುತ್ತದೆ.

ಜೋಡಿಸಿದ ಮೇಲೆ

ಜೋಡಿಸಿ. ಒಂದು ಹೊರಗಿನ ಕರೆ ಮಾಡಿ, ಮಾತಾಡಿ, ಫೋನ್ ಇಡಿ. ಇಟ್ಟ ಮೇಲೆ ಮಾತ್ರ ಸಾಲು ಬರುತ್ತದೆ. ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಮಾಡಿದ ಕರೆ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದನ್ನು ಮಾಡಿ ನೋಡಿ "ಕೆಲಸ ಮಾಡ್ತಿಲ್ಲ" ಅನ್ನಬೇಡಿ. ಏನೂ ಬರದಿದ್ದರೆ ಪೆಟ್ಟಿಗೆಯ ಪ್ರೋಗ್ರಾಮಿಂಗಿನಲ್ಲಿ ಎಸ್‌ಎಂಡಿಆರ್ ಆನ್ ಆಗಿದೆಯಾ ನೋಡಿ. ಈ ಪಟ್ಟಿಯ ಹೆಸರು ಅದೇ.

ಬಂದದ್ದು ಪೂರ್ತಿ ಕಸದಂತಿದ್ದರೆ ವೇಗ ತಪ್ಪು. 9600 ಬದಲು 4800, 2400, 1200 ಹಾಕಿ ನೋಡಿ. ಕೆಲವು ಅಕ್ಷರ ಸರಿ, ಕೆಲವು ವಿಚಿತ್ರ ಅಂದರೆ ಪ್ಯಾರಿಟಿ ಅಥವಾ 7–8 ಬಿಟ್ಟಿನ ಗಲಾಟೆ; ಪುಟ್ಟಿಯ "ಸೀರಿಯಲ್" ಪುಟದಲ್ಲಿ ಇವನ್ನು ಬದಲಿಸಿ ನೋಡಿ. ಎಲ್ಲ ಒಂದೇ ಸಾಲಿನ ಮೇಲೆ ಬಂದು ಕೂರುತ್ತಿದ್ದರೆ ಪುಟ್ಟಿಯ "ಟರ್ಮಿನಲ್" ಪುಟದಲ್ಲಿ "ಇಂಪ್ಲಿಸಿಟ್ ಎಲ್‌ಎಫ್ ಇನ್ ಎವೆರಿ ಸಿಆರ್" ಅನ್ನುವುದಕ್ಕೆ ಟಿಕ್ ಮಾಡಿ. ಆಮೇಲೆ "ಲಾಗಿಂಗ್" ಪುಟದಲ್ಲಿ ಫೈಲ್ ಹೆಸರು ಕೊಟ್ಟು, ಹಳೆಯದರ ಕೊನೆಗೆ ಸೇರಿಸುವ ಆಯ್ಕೆ ಇಟ್ಟರೆ ಪಟ್ಟಿ ತಾನೇ ಬೆಳೆಯುತ್ತದೆ. ಕಾಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಅಂತ ಸಾವಿರಾರು ರೂಪಾಯಿ ಕೇಳುತ್ತಾರೆ. ಲಾಡ್ಜ್, ಆಸ್ಪತ್ರೆಗೆ ಸರಿ. ಮಂಡಿಗೆ, ವಕೀಲರ ಆಫೀಸಿಗೆ, ಸೊಸೈಟಿಗೆ ಈ ಫೈಲೇ ಸಾಕು.

ಕಂಪ್ಯೂಟರನ್ನು ನಿದ್ದೆಗೆ ಹೋಗಲು ಬಿಡಬೇಡಿ, ಸ್ಲೀಪ್ ಆಫ್ ಮಾಡಿ.

ಎಕ್ಸೆಲ್ಲಿಗೆ ಹಾಕುವಾಗ ನಂಬರಿನ ಕಾಲಂ "ಟೆಕ್ಸ್ಟ್" ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ತೀರ್ಥಹಳ್ಳಿಯ 08181, ಸಾಗರದ 08183, ಹೊಸನಗರದ 08185 ಎಲ್ಲ ತಲೆ ಕಳೆದುಕೊಂಡು ನಿಲ್ಲುತ್ತವೆ.

ಇನ್ನು ಮಾತಿನ ಅವಧಿ. ಆ ಕಡೆಯವರು ಫೋನ್ ಎತ್ತಿದ್ದು ನಿಮ್ಮ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಲೈನಿನ ಪ್ಲಸ್ ಮೈನಸ್ ತಿರುಗಿದರೆ ಗೊತ್ತಾಗುತ್ತದೆ. ಹಳೆಯ ಎಸ್‌ಟಿಡಿ ಬೂತಿನ ಮೀಟರು ಇದನ್ನು ನೋಡಿಯೇ ಓಡುತ್ತಿತ್ತು. ಈ ಸೌಲಭ್ಯ ಇಲ್ಲದ ಲೈನಿನಲ್ಲಿ ಪೆಟ್ಟಿಗೆ ಡಯಲ್ ಮಾಡಿ ಕೆಲವು ಸೆಕೆಂಡ್ ಕಾದು ಸುಮ್ನೆ ಎಣಿಸಲು ಶುರುಮಾಡುತ್ತದೆ. ಆ ಕಡೆ ಯಾರೂ ಎತ್ತದ ಕರೆಗೂ ಅರ್ಧ ನಿಮಿಷ ಬರೆದಿರುತ್ತದೆ. ಆ ಪಟ್ಟಿ ಹಿಡಿದುಕೊಂಡು ಗುಮಾಸ್ತರ ಮೇಲೆ ಹಾರಾಡಬೇಡಿ. ಪಟ್ಟಿ ಇಡುತ್ತಿದ್ದೇವೆ, ಮಾತು ರೆಕಾರ್ಡ್ ಆಗುವುದಿಲ್ಲ ಅಂತ ಅವರಿಗೆ ಮೊದಲೇ ಹೇಳಿಬಿಡಿ.

ಸಿಡಿಲಿನ ಮಾತು

ಜೋಡಿಸುವ ಮುಂಚೆ ಪೆಟ್ಟಿಗೆ ಒಂದು ಕಡೆ, ಕಂಪ್ಯೂಟರ್ ಒಂದು ಕಡೆ ಇದ್ದವು. ಈಗ ನೀವು ಎರಡರ ನಡುವೆ ಸೇತುವೆ ಕಟ್ಟಿದ್ದೀರಿ. ಫೋನ್ ಲೈನಿನಲ್ಲಿ ಬಂದ ಸಿಡಿಲಿಗೆ ನೆಲ ಸೇರಲು ನಿಮ್ಮ ಕಂಪ್ಯೂಟರೂ ಒಂದು ದಾರಿ. ಐಸೊಲೇಟರ್ ಅಡಾಪ್ಟರ್ ಅಂದದ್ದು ಇದಕ್ಕೇ. ಅದರಲ್ಲಿ ಎರಡು ಕಡೆಯ ನಡುವೆ ತಂತಿಯ ಸಂಪರ್ಕ ಇರುವುದಿಲ್ಲ. "ನಮ್ಮದು ಈಗ ಫೈಬರ್, ಸಿಡಿಲು ಬರಲ್ಲ" ಅನ್ನುವವರಿದ್ದಾರೆ. ಫೈಬರಿನಲ್ಲಿ ಬರಲ್ಲ, ನಿಜ. ಆದರೆ ಗೋದಾಮಿಗೆ, ಎದುರಿನ ಕಟ್ಟಡಕ್ಕೆ ಮಾಡಿನ ಮೇಲಿಂದ ಎಳೆದ ಎಕ್ಸ್‌ಟೆನ್ಷನ್ ವೈರು ತಾಮ್ರದ್ದೇ ಅಲ್ವಾ?

ಪೆಟ್ಟಿಗೆ, ಕಂಪ್ಯೂಟರ್ ಎರಡಕ್ಕೂ ಒಂದೇ ಯುಪಿಎಸ್, ಒಂದೇ ಅರ್ತಿಂಗ್ ಇರಲಿ. ಮೀಟರನ್ನು ಎಸಿ ವೋಲ್ಟಿಗೆ ಬದಲಿಸಿ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಇಟ್ಟರೆ ಎರಡು–ಮೂರು ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಲೈನುಗಳು ಒಳಗೆ ಬಂದು ಸೇರುವ ಕ್ರೋನ್ ಮಾಡ್ಯೂಲಿಗೆ (ವೈರು ಸಿಕ್ಕಿಸುವ ಪಟ್ಟಿ) ಜಿಡಿ ಟ್ಯೂಬ್, ಅಂದರೆ ಮಿತಿಮೀರಿದ ವೋಲ್ಟನ್ನು ನೆಲಕ್ಕೆ ಹರಿಸುವ ಗ್ಯಾಸ್ ಟ್ಯೂಬ್, ಹಾಕಿಸಿ. ಟ್ಯೂಬ್ ಹಾಕಿ ಅದರ ಅರ್ತ್ ತಂತಿಯನ್ನು ಎಲ್ಲಿಗೂ ಜೋಡಿಸದೆ ಬಿಟ್ಟಿರುವುದು ನಾನು ಹೋದ ಕಡೆಯೆಲ್ಲ ಕಾಣುವ ದೃಶ್ಯ. ಅಂಥ ಟ್ಯೂಬು ಅಲಂಕಾರಕ್ಕೆ.

ಇಷ್ಟೆಲ್ಲ ಮಾಡಿದರೂ ಭರಣಿ, ಕೃತ್ತಿಕೆ ಮಳೆಯ ಗುಡುಗಿಗೆ ನಾನು ಯಾವ ಸಾಮಾನನ್ನೂ ನಂಬುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಸಿಡಿಲು ಕಡಿಮೆ. ಅಪಾಯ ಇರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ. ಆಗ ಕೈಯಲ್ಲಿ ಕಿತ್ತಿಡುವುದೇ ಸರಿ. ಆದರೆ ಗುಡುಗು ನೆತ್ತಿಯ ಮೇಲೆ ಬಂದ ಮೇಲೆ ವೈರು ಮುಟ್ಟಬೇಡಿ. ದೂರದಲ್ಲಿ ಮೋಡ ಕಟ್ಟುವಾಗಲೇ ತೆಗೆಯಿರಿ. ಅಡಾಪ್ಟರಿನ ಯುಎಸ್‌ಬಿ ತುದಿಗೆ ಒಂದು ಸುತ್ತು ಕೆಂಪು ಟೇಪ್ ಸುತ್ತಿ. ಸಂಜೆ ಬಾಗಿಲು ಹಾಕುವವರು ಯಾರೋ, ಅವರನ್ನು ಕರೆದು ಅದನ್ನು ಕೀಳುವುದು, ಬೆಳಿಗ್ಗೆ ಚೀಟಿ ಅಂಟಿಸಿದ ಅದೇ ತೂತಿಗೆ ಹಾಕಿ ಪುಟ್ಟಿ ತೆರೆಯುವುದು, ಎರಡನ್ನೂ ಒಂದು ಸಲ ಅವರ ಕೈಯಲ್ಲೇ ಮಾಡಿಸಿ.